ಬೀಗ ಹಾಕಿದ ಕಪಾಟು: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಒಬ್ಬ ತಾಯಿಯ ಪತ್ರ ಪ್ರಕಟಿಸಿದ್ದೆವು. ಅವರ 15 ವರ್ಷದ ಮಗಳು ಬೈಬಲಿನ ಆದಾಮ ಮತ್ತು ಹವ್ವರ ಕತೆ ಓದಿದ್ದಳು. ದೇವರು ಮಾಡಿದ ಮೊದಲ ಗಂಡು ಹೆಣ್ಣು ಹಾವಿನ ಮಾತು ಕೇಳಿ, ಅವನು ಬೇಡವೆಂದಿದ್ದ ಒಳ್ಳೆಯದು ಕೆಟ್ಟದ್ದರ ಅರಿವಿನ ಹಣ್ಣನ್ನು ತೋಟದಲ್ಲಿ ತಿನ್ನುವ ಕತೆ ಅದು. ಓದಿ ಕೇಳಿದ್ದಳು: "ಹಣ್ಣು ತಿನ್ನೋಕೆ ಮುಂಚೆ ಅವರಿಗೆ ಒಳ್ಳೇದು ಕೆಟ್ಟದ್ದು ಗೊತ್ತೇ ಇರಲಿಲ್ಲ. ಹಾಗಿದ್ರೆ ದೇವರ ಮಾತು ಮೀರೋದು ಕೆಟ್ಟದ್ದು ಅಂತ ಹೇಗೆ ಗೊತ್ತಾಗಬೇಕಿತ್ತು?" ತಾಯಿಗೆ ಉತ್ತರ ಹೊಳೆಯಲಿಲ್ಲ. ಮಗಳು ಬಿಡಲಿಲ್ಲ. ಹಾವನ್ನು ಮಾಡಿದ್ದು ಯಾರು, ಕೇಡು ಮೊದಲು ಎಲ್ಲಿಂದ ಬಂತು ಎಂದು ಮತ್ತೆ ಮತ್ತೆ ಕೇಳಿದಳು. ಮೂರನೇ ಸಲಕ್ಕೆ ತಾಯಿ ರೇಗಿದರು. ಓದಿ ಓದಿ ತಲೆ ಕೆಟ್ಟಿದೆ ಎಂದು ಪುಸ್ತಕಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೂರು ವಾರದಿಂದ ಮಗಳು ಏನನ್ನೂ ಕೇಳುತ್ತಿಲ್ಲ. "ನಾನು ಮಾಡಿದ್ದು ಸರಿಯೇ? ಅವಳಿಗೆ ಏನು ಹೇಳಲಿ?" ಎಂದು ಆ ತಾಯಿ ಓದುಗರನ್ನು ಕೇಳಿದ್ದರು.

ಬಂದ ಪತ್ರಗಳಲ್ಲಿ ಇದು ಎಲ್ಲಕ್ಕಿಂತ ಉದ್ದದ್ದು. ಒಂದು ಸಾಲನ್ನೂ ಕತ್ತರಿಸಿಲ್ಲ.

---

ತಾಯಿ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನಗೆ 11 ವರ್ಷವಿದ್ದಾಗ ನನ್ನ ತಮ್ಮ ಜ್ವರ ಬಂದು ತೀರಿಕೊಂಡ. ಅವನಿಗೆ ಆರು ವರ್ಷ. ಅವನು ನರಳುವುದನ್ನು ನೋಡಲಾರದೆ, ಮನೆಗೆ ಬಂದಿದ್ದ ಹಿರಿಯರೊಬ್ಬರನ್ನು ಕೇಳಿದ್ದೆ: "ಎಲ್ಲವನ್ನೂ ದೇವರೇ ಮಾಡಿದ್ದಾದರೆ ಕಾಯಿಲೆಯನ್ನೂ ಅವನೇ ಮಾಡಿದನಾ?" ಅವರ ಮುಖ ಗಂಟಾಯಿತು. "ಇಂಥ ಮಾತು ಆಡಿದರೆ ಮನೆಗೆ ಕೇಡು" ಎಂದರು. ಐದನೇ ದಿನ ತಮ್ಮ ಹೋದ.

ನನ್ನ ಪ್ರಶ್ನೆಯೇ ಅವನನ್ನು ಕೊಂದಿತು ಎಂದು ನಂಬಿದೆ. ಯಾರಿಗೂ ಹೇಳಲಿಲ್ಲ. ಅಮ್ಮ ಅತ್ತಾಗೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆ. ಅವಳ ಮುಖ ನೋಡುವ ಧೈರ್ಯ ಇರಲಿಲ್ಲ. ಈ ಹುಡುಗನಿಗೆ ತಮ್ಮನ ಮೇಲೆ ಪ್ರೀತಿಯೇ ಇರಲಿಲ್ಲ ಎಂದು ಅವಳು ಅಂದುಕೊಂಡಿರಬೇಕು. ಅವಳೂ ಈಗಿಲ್ಲ. ನಿಜ ಹೇಳುವ ಅವಕಾಶ ಕೊನೆಗೂ ಬರಲೇ ಇಲ್ಲ.

ನಲವತ್ತು ದಾಟಿದ ಮೇಲೆ ಬೈಬಲಿನ ಯೋಬನ ಕತೆ ಓದಿದೆ. ಯೋಬ ಒಳ್ಳೆಯವನು. ಆಸ್ತಿ ಹೋಯಿತು, ಮಕ್ಕಳು ಸತ್ತರು, ಮೈಯೆಲ್ಲ ಹುಣ್ಣಾಯಿತು. ಮೂವರು ಸ್ನೇಹಿತರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅಷ್ಟೇ ಮಾಡಿ ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಆಮೇಲೆ ಬಾಯಿ ತೆರೆದರು. ನೀನು ಏನೋ ಪಾಪ ಮಾಡಿರಬೇಕು, ಒಪ್ಪಿಕೋ ಎಂದರು. ಯೋಬ ಒಪ್ಪಲಿಲ್ಲ. ದೇವರನ್ನೇ ಕಟಕಟೆಗೆ ಕರೆದ. ಕೊನೆಯಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಆಗಲೂ ಕೇಡು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ನಾನು ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ಯೋಬನನ್ನು ಗದರುತ್ತಾನೆ. ಆದರೆ ಸಿಟ್ಟು ಬರುವುದು ಆ ಸ್ನೇಹಿತರ ಮೇಲೆ. ನನ್ನ ವಿಷಯದಲ್ಲಿ ಯೋಬ ಸರಿಯಾಗಿ ಮಾತಾಡಿದ, ನೀವು ಆಡಲಿಲ್ಲ ಎನ್ನುತ್ತಾನೆ.

ಆ ಸಾಲಿಗೆ ಬಂದಾಗ ಪುಸ್ತಕ ಮಡಿಲಲ್ಲಿಟ್ಟುಕೊಂಡು ಅತ್ತೆ. 30 ವರ್ಷದ ಅಳು ಅದು.

ಮಗಳು ಏನನ್ನೂ ಕೇಳುತ್ತಿಲ್ಲ ಎಂದಿದ್ದೀರಿ. ನಾನೂ ಕೇಳುವುದನ್ನು ಬಿಟ್ಟಿದ್ದೆ. ಹುಡುಗ ದಾರಿಗೆ ಬಂದ ಎಂದು ಮನೆಯವರು ನೆಮ್ಮದಿಯಾಗಿದ್ದರು.

---

ಎಲ್ಲರೂ ಹೀಗೆ ಯೋಚಿಸುವುದಿಲ್ಲ. ಮುಂದಿನದು ಅಂಚೆ ಕಾರ್ಡಿನಲ್ಲಿ ಬಂದದ್ದು.

---

ದೇವರ ವಿಷಯವನ್ನು ಪತ್ರಿಕೆಗೆ ತಂದು ಚರ್ಚೆ ಮಾಡಿದ್ದೇ ತಪ್ಪು. ಆ ವಯಸ್ಸಿಗೆ ಬೇಕಾದ್ದು ಶಿಸ್ತು. ಬೀಗ ಹಾಕಿದ್ದು ಸರಿ, ತೆಗೆಯಬೇಡಿ.

---

ಇದೇ ಅಭಿಪ್ರಾಯದ ಪತ್ರಗಳು ಇನ್ನೂ ಎರಡಿವೆ. ಅವರ ಕಾಳಜಿ ನಿಜವಾದದ್ದು. ಅದೇ ಕಾಳಜಿಯಿಂದ, ಆದರೆ ಬೇರೆ ದಾರಿ ಹಿಡಿದು, ನಿವೃತ್ತ ಭೌತಶಾಸ್ತ್ರ ಮೇಷ್ಟರೊಬ್ಬರು ಬರೆದಿದ್ದಾರೆ.

---

ಕೆಲವು ವಿದ್ಯೆಗೆ ಬೇಲಿ ಬೇಕು ಎಂದು ನಂಬುವವನು ನಾನು. ಮಹಾಭಾರತ ಯುದ್ಧದ ಕೊನೆಯ ಭಾಗ ನೆನಪಿಸಿಕೊಳ್ಳಿ. ದ್ರೋಣ ತನ್ನ ಮಹಾಸ್ತ್ರವನ್ನು ಅರ್ಜುನನಿಗೆ ಸಂತೋಷದಿಂದ ಕೊಟ್ಟ. ಮಗ ಅಶ್ವತ್ಥಾಮನಿಗೆ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ. ಮಗನ ಸ್ವಭಾವ ಅವನಿಗೆ ಗೊತ್ತಿತ್ತು. ಕೊನೆಗೆ ಇಬ್ಬರೂ ಎದುರುಬದುರಾಗಿ ಅಸ್ತ್ರ ಬಿಟ್ಟರು. ಋಷಿಗಳು ಅಡ್ಡ ಬಂದಾಗ ಅರ್ಜುನ ತನ್ನದನ್ನು ಹಿಂದಕ್ಕೆ ಕರೆದುಕೊಂಡ. ಹಾಗೆ ಕರೆಯಲು ಮನಸ್ಸು ಹತೋಟಿಯಲ್ಲಿರಬೇಕು. ಅಶ್ವತ್ಥಾಮನದು ಇರಲಿಲ್ಲ. ಅವನ ಅಸ್ತ್ರ ಉತ್ತರೆಯ ಗರ್ಭಕ್ಕೆ ಹೋಯಿತು.

ಯಹೂದಿಗಳ ಹಳೆಯ ಹನೋಕನ ಗ್ರಂಥದಲ್ಲೂ ಇಂಥದೇ ಕತೆ ಇದೆ. ದೇವದೂತರು ಇಳಿದು ಬಂದು ಮನುಷ್ಯರಿಗೆ ಕತ್ತಿ, ಗುರಾಣಿ ಮಾಡುವುದನ್ನು ಕಲಿಸಿದರು, ಲೋಕದಲ್ಲಿ ಕೇಡು ಹೆಚ್ಚಿತು ಎನ್ನುತ್ತದೆ. ಅಲ್ಲಿ ದೊಡ್ಡ ತಪ್ಪು ಕಲಿತವರದಲ್ಲ, ಕಲಿಸಿದವರದು. 1945ರ ಆಗಸ್ಟಿನಲ್ಲಿ ಹಿರೋಶಿಮಾ, ನಾಗಸಾಕಿಗಳಲ್ಲಿ ಆದದ್ದನ್ನು ಪ್ರತಿ ವರ್ಷ ಪಾಠ ಮಾಡುವಾಗ ನನ್ನ ಗಂಟಲು ಕಟ್ಟುತ್ತಿತ್ತು. ಪರಮಾಣು ಒಡೆಯುವುದು ಹೇಗೆ ಎಂದು ಮಕ್ಕಳಿಗೆ ಕಲಿಸುತ್ತಿದ್ದವನು ನಾನೇ ತಾನೇ.

ಆದರೆ ತಾಯಿ, ನಿಮ್ಮ ಮಗಳು ಕೇಳಿದ್ದು ಅಸ್ತ್ರ ಬಿಡುವ ವಿದ್ಯೆಯಲ್ಲ. ಹಿಂದಕ್ಕೆ ಕರೆಯುವ ವಿದ್ಯೆ ಕೇಳುತ್ತಿದ್ದಾಳೆ. ಅದಕ್ಕೆ ಬೀಗ ಬೇಡ.

---

ಮುಂದಿನ ಪತ್ರ ಸಾಹಿತ್ಯದ ಉಪನ್ಯಾಸಕಿಯೊಬ್ಬರದು. ತಾಯಿ ಕೇಳಿದ್ದು ಇದನ್ನಲ್ಲ. ಮಗಳು ಕೇಳಬಹುದು.

---

ನಿಮ್ಮ ಪತ್ರದಲ್ಲಿ "ಹವ್ವ ಸೇಬು ತಿಂದದ್ದರಿಂದ" ಎಂದಿದೆ. ಈ ಕತೆ ಬರುವ ಬೈಬಲಿನ ಆದಿಕಾಂಡದಲ್ಲಿ ಸೇಬು ಇಲ್ಲವೇ ಇಲ್ಲ, ಬರೀ ಹಣ್ಣು. ಲ್ಯಾಟಿನ್‌ನಲ್ಲಿ ಸೇಬಿಗೆ 'ಮಾಲುಮ್', ಕೇಡಿಗೆ 'ಮಲುಮ್'; ಬರೆಯುವಾಗ ಎರಡೂ ಒಂದೇ ಥರ ಕಾಣುತ್ತವೆ. ಕತೆಯಲ್ಲಿ ಸೇಬು ಬೇರೂರಿದ್ದರಲ್ಲಿ ಇದರ ಪಾಲೂ ಇದೆ ಎನ್ನುವವರಿದ್ದಾರೆ. ಇನ್ನೊಂದು ಮಾತು. ಆದಾಮನೂ ಪಕ್ಕದಲ್ಲೇ ಇದ್ದ, ಅವನೂ ತಿಂದ.

ಗ್ರೀಕರ ಪಂಡೋರಾ ಕತೆಯೂ ಹೀಗೇ. ಹಳೆಯ ಗ್ರೀಕ್ ಕವಿ ಹೆಸಿಯಡ್ ಹೇಳಿದ್ದು ಒಂದು ದೊಡ್ಡ ಮಣ್ಣಿನ ಗುಡಾಣ. ಅದು 16ನೇ ಶತಮಾನದಲ್ಲಿ ಎರಾಸ್ಮಸ್ ಎಂಬ ವಿದ್ವಾಂಸನ ಲ್ಯಾಟಿನ್ ಬರಹದಲ್ಲಿ ಪುಟ್ಟ ಪೆಟ್ಟಿಗೆಯಾಯಿತು. ಗುಡಾಣವೋ ಪೆಟ್ಟಿಗೆಯೋ, ಮುಚ್ಚಳ ತೆಗೆದು ಕೇಡನ್ನು ಹೊರಬಿಟ್ಟವಳು ಮಾತ್ರ ಹೆಂಗಸು. ಇದನ್ನು ಪಾಠ ಮಾಡುವಾಗ ತಲೆ ತಗ್ಗಿಸುವ ಹುಡುಗಿಯರನ್ನು ನೋಡಿದ್ದೇನೆ. ಸಂಕಟವಾಗುತ್ತದೆ.

ಕುರ್‌ಆನ್‌ನಲ್ಲಿ ಇದೇ ತೋಟದ ಕತೆ ಬೇರೆ ರೀತಿ ಬರುತ್ತದೆ. ಸೈತಾನ ಇಬ್ಬರನ್ನೂ ಜಾರಿಸುತ್ತಾನೆ. ನಮಗೆ ನಾವೇ ಅನ್ಯಾಯ ಮಾಡಿಕೊಂಡೆವು ಎಂದು ಇಬ್ಬರೂ ಒಟ್ಟಿಗೆ ಬೇಡಿಕೊಳ್ಳುತ್ತಾರೆ. ಕ್ಷಮೆ ಸಿಗುತ್ತದೆ. ಆ ಪಾಪ ಮಕ್ಕಳ ತಲೆಗೆ ಬರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಮಗಳ ಜೊತೆ ಓದಿ. ತಪ್ಪನ್ನು ಯಾರ ಮೇಲೆ ಹೊರಿಸುತ್ತಿದ್ದಾರೆ ಅಂತ ನೋಡುವುದನ್ನು ಹುಡುಗಿಯರು ಬೇಗ ಕಲಿಯಬೇಕು, ಅಲ್ವಾ?

---

ಮಗಳ ಪ್ರಶ್ನೆಗೇ ನೇರವಾಗಿ ಉತ್ತರಿಸಲು ನೋಡಿದವರು ಒಬ್ಬರೇ.

---

ಕ್ರೈಸ್ತರ ಸಂತ ಅಗಸ್ಟೀನ್ ಹರೆಯದಲ್ಲಿ ಕೇಡು ಎಲ್ಲಿಂದ ಬಂತು ಎಂಬ ಇದೇ ಪ್ರಶ್ನೆ ಹಿಡಿದು ಅಲೆದವನು. ಬೆಳಕು ಮತ್ತು ಕತ್ತಲೆ ಎರಡು ಬೇರೆ ಶಕ್ತಿಗಳು ಎನ್ನುವ ಮಾನಿ ಪಂಥದಲ್ಲಿ ಸುಮಾರು 9 ವರ್ಷ ಇದ್ದ. ಆಮೇಲೆ ಬೇರೆ ಉತ್ತರಕ್ಕೆ ಬಂದ. ಕೇಡು ಎಂಬುದು ಒಂದು ವಸ್ತುವಲ್ಲ, ಒಳ್ಳೆಯದರ ಕೊರತೆ ಅಷ್ಟೇ. ಗಾಯ ವಾಸಿಯಾದಾಗ ಗಾಯ ಇನ್ನೆಲ್ಲಿಗೂ ಹೋಗುವುದಿಲ್ಲ, ಇಲ್ಲವಾಗುತ್ತದೆ. ಹಾಗೆ. ಹಾಗಿದ್ದರೆ ಅದನ್ನು ಯಾರೂ ಸೃಷ್ಟಿಸಬೇಕಾಗಿಲ್ಲ. ಇದು ಬುದ್ಧಿಗೆ ಹಿಡಿಸುತ್ತದೆ. ನೋವಿನಲ್ಲಿ ಇರುವವರಿಗೆ ಹೇಳಲು ಮಾತ್ರ ಬಾಯಿ ಬರುವುದಿಲ್ಲ. 9 ವರ್ಷ ಅವನನ್ನು ಕಾಡಿದ ಪ್ರಶ್ನೆಗೆ ನಿಮಗೆ ಒಂದು ಸಂಜೆಯಲ್ಲಿ ಉತ್ತರ ಹೊಳೆಯಲಿಲ್ಲ ಎಂದರೆ ಅದರಲ್ಲಿ ನಾಚಿಕೆ ಏನಿದೆ?

---

ಕಿರಿಯ ಓದುಗಿಯೊಬ್ಬಳ ಪತ್ರ.

---

ಆಂಟಿ, ನನಗೆ 17. ನನ್ನ ಪುಸ್ತಕಗಳನ್ನೂ ಒಂದ್ಸಲ ಎತ್ತಿಟ್ಟಿದ್ರು. ನಾನು ಓದೋದು ಬಿಡಲಿಲ್ಲ, ಅಮ್ಮನಿಗೆ ಹೇಳೋದು ಬಿಟ್ಟೆ. ಪ್ಲೀಸ್ ಅವಳ ಹತ್ತಿರ ಹೋಗಿ "ನಂಗೂ ಗೊತ್ತಿಲ್ಲ ಕಣೇ" ಅಂತ ಹೇಳಿ. ನಮ್ಮಮ್ಮ ಹಾಗೆ ಹೇಳಿದ್ರೆ ನಾನು ಆವತ್ತೇ ಎಲ್ಲಾ ಮಾತಾಡಿಬಿಡ್ತೀನಿ.

---

ಕೊನೆಯದಾಗಿ, ಹಿರಿಯರೊಬ್ಬರು ಮೊಮ್ಮಗಳ ಕೈಯಲ್ಲಿ ಬರೆಸಿ ಕಳಿಸಿದ ಪತ್ರ.

---

ಮಗಳೇ, ನಚಿಕೇತನ ತಂದೆ ಯಜ್ಞ ಮಾಡಿ ಬಡಕಲು ಹಸುಗಳನ್ನು ದಾನ ಕೊಡುತ್ತಿದ್ದ. ಅದನ್ನು ನೋಡಿ ಹುಡುಗ ಕೇಳಿದ: "ಅಪ್ಪಾ, ನನ್ನನ್ನು ಯಾರಿಗೆ ಕೊಡ್ತೀಯ?" ಬಿಡದೆ ಕೇಳಿದ. ಮೂರನೇ ಸಲಕ್ಕೆ ತಂದೆ ರೇಗಿ "ಯಮನಿಗೆ ಕೊಡ್ತೀನಿ ಹೋಗು" ಎಂದುಬಿಟ್ಟ. ನೀನು ರೇಗಿದ್ದೂ ಮೂರನೇ ಸಲಕ್ಕೇ.

ಯಮನಿಗೂ ಸಾವಿನ ಗುಟ್ಟು ಹೇಳಲು ಇಷ್ಟವಿರಲಿಲ್ಲ. ಇದರಲ್ಲಿ ದೇವತೆಗಳಿಗೇ ಅನುಮಾನ ಇದೆ, ಬೇರೆ ಏನಾದರೂ ಕೇಳು ಎಂದ. ಆನೆ, ಕುದುರೆ, ಚಿನ್ನ ಕೊಡುತ್ತೇನೆ ಎಂದ. ಹುಡುಗ ಜಗ್ಗಲಿಲ್ಲ. ಕೊನೆಗೆ ಯಮನೇ ಸೋತು, ನಿನ್ನಂಥ ಕೇಳುವವರು ನಮಗೆ ಸಿಗುತ್ತಿರಲಿ ಎಂದು ಹರಸಿದ. ಈ ಕತೆ ಎಲ್ಲರಿಗೂ ಗೊತ್ತು. ಆದರೆ ಆ ಗುಟ್ಟು ಅವನು ಕೇಳಿದ ಮೂರನೇ ವರ. ಮೊದಲನೇ ವರ ಜನಕ್ಕೆ ನೆನಪಿರುವುದಿಲ್ಲ. ನಾನು ವಾಪಸ್ ಹೋದಾಗ ಅಪ್ಪನ ಸಿಟ್ಟು ಇಳಿದಿರಲಿ, ನನ್ನನ್ನು ಗುರುತು ಹಿಡಿದು ಮಾತಾಡಿಸಲಿ ಎಂದು ಕೇಳಿಕೊಂಡಿದ್ದ.

---

ಜಾಗ ಸಾಲದೆ ಬಿಟ್ಟ ಪತ್ರಗಳನ್ನೂ ಸೇರಿಸಿ ಎಲ್ಲವನ್ನೂ ಆ ತಾಯಿಗೆ ಕಳಿಸಿದ್ದೇವೆ. 17 ವರ್ಷದ ಹುಡುಗಿಯ ಪತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇವೆ.