ಹಳೆಯ ಕಾರಿಗೆ ಹೊಸ ಸ್ಟೀರಿಯೊ: ಹಾಕಿಸಿದವರು ಏನು ಹೇಳುತ್ತೀರಿ?

ಬೆಳಗಾವಿ, ಟಿಳಕವಾಡಿಯಿಂದ ಕೇಳಿದ್ದು
ನಮ್ಮದು ಹಳೆಯ ಸ್ವಿಫ್ಟ್, ಸ್ಟೀರಿಯೊ ಇಲ್ಲದೆ ಬಂದ ಕೆಳಗಿನ ಮಾದರಿ. ವಿಜಯಪುರದ ತವರಿಗೆ ಆಗಾಗ ಹೋಗಿ ಬರುವುದಿದೆ, ದಾರಿಗೆ ಹಾಡು ಬೇಕು. ಒಂದು ಅಂಗಡಿಯವರು ಒಂಬತ್ತು ಇಂಚಿನ ಆಂಡ್ರಾಯ್ಡ್ ಪರದೆ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಸಾದಾ ಬ್ಲೂಟೂತ್ ಸೆಟ್ ಸಾಕು ಎನ್ನುತ್ತಾರೆ. ಕಪ್ಲರ್, ಅಂದರೆ ವೈರ್ ಕತ್ತರಿಸದೆ ಸಿಕ್ಕಿಸಿ ಜೋಡಿಸುವ ಪ್ಲಗ್ಗಿನ ಬಗ್ಗೆ ಕೇಳಿದರೆ, "ಅದೆಲ್ಲ ಯಾಕೆ ಅಕ್ಕಾ, ವೈರ್ ಕತ್ತರಿಸಿ ಜೋಡಿಸಿದರೆ ಆಯಿತು" ಎಂದರು. ಬ್ಯಾಟರಿ ಇಳಿಯುತ್ತದೆ ಎಂಬ ಹೆದರಿಕೆ ಬೇರೆ. ಅನುಭವವಿದ್ದವರು ಹೇಳಿ.

ಬಾಗಲಕೋಟೆ, ನವನಗರ, ಆಟೋ ಎಲೆಕ್ಟ್ರಿಷಿಯನ್
ಅಕ್ಕಾವರೇ, ಪರದೆಯ ವಿಷಯ ಆಮೇಲೆ. ಮೊದಲು ಡ್ಯಾಶ್‌ಬೋರ್ಡಿನ ಖಾಲಿ ಮುಚ್ಚಳ ತೆಗೆಸಿ, ಒಳಗೆ ಕಂಪನಿಯ ಕಪ್ಲರ್ ಇದೆಯೇ ನೋಡಿ. ಇದ್ದರೆ ಅದಕ್ಕೆ ಹೊಂದುವ ಜೋಡಿ ಕಪ್ಲರ್ ಪೇಟೆಯಲ್ಲಿ ಸಿಗುತ್ತದೆ. ಒಂದು ತುದಿ ಕಾರಿಗೆ, ಇನ್ನೊಂದು ತುದಿ ಸೆಟ್ಟಿಗೆ. ನಾಳೆ ಸೆಟ್ ಬೇಡವೆನಿಸಿದರೆ ಕಳಚಿಟ್ಟರೆ ಮುಗಿಯಿತು, ಕಾರಿನ ವೈರಿಗೆ ಕತ್ತರಿ ಬಿದ್ದಿರುವುದಿಲ್ಲ. ಸುತ್ತಿ ಟೇಪ್ ಹಚ್ಚಿದ ಜೋಡಣೆ ನಮ್ಮ ಕಡೆಯ ಬಿಸಿಲಿಗೆ ಬಾಳುವುದಿಲ್ಲ. ಅಂಟು ಇಳಿದು ಟೇಪ್ ಬಿಚ್ಚಿಕೊಳ್ಳುತ್ತದೆ, ಬರಿಯ ತಾಮ್ರ ಪಕ್ಕದ ವೈರಿಗೆ ತಾಗುತ್ತದೆ. 'ಸ್ಟೀರಿಯೊ ಕೆಟ್ಟಿದೆ' ಎಂದು ನನ್ನ ಬಳಿ ಬರುವ ಗಾಡಿಗಳಲ್ಲಿ ಬಹುಪಾಲು ಕೆಟ್ಟಿರುವುದು ಸೆಟ್ ಅಲ್ಲ, ಈ ಜೋಡಣೆ.

ಬ್ಯಾಟರಿಯ ಗುಟ್ಟು ಎರಡು ವೈರುಗಳಲ್ಲಿದೆ. ಸೆಟ್ಟಿನ ಹಳದಿ ವೈರಿಗೆ ಸದಾ 12 ವೋಲ್ಟ್ ಬೇಕು. ಗಡಿಯಾರ ಮತ್ತು ಸ್ಟೇಷನ್‌ಗಳ ನೆನಪು ಉಳಿಯುವುದು ಅದರಿಂದಲೇ. ಕೆಂಪು ವೈರಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರಬೇಕು. ಇವೆರಡು ಅದಲುಬದಲಾದರೆ ಕೀಲಿ ತೆಗೆದಾಗಲೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಎರಡನ್ನೂ ಕೂಡಿಸಿ ನೇರವಾಗಿ ಬ್ಯಾಟರಿಗೆ ಕೊಟ್ಟರೋ, ಸೆಟ್ಟಿಗೆ ನಿದ್ದೆಯೇ ಇಲ್ಲ. ನಿಂತ ಗಾಡಿಯಲ್ಲಿ ಅದು 300 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 7 ಆಂಪಿಯರ್-ಗಂಟೆ ದಾಟುತ್ತದೆ; 35 ಆಂಪಿಯರ್-ಗಂಟೆಯ ಬ್ಯಾಟರಿ ಐದನೆಯ ದಿನ ಪೂರ್ತಿಯಾಗುವ ಮೊದಲೇ ಬರಿದು. ಕೆಲಸ ಮುಗಿದ ಮೇಲೆ ಕೀಲಿ ತೆಗೆಸಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ, ಆ ವೈರ್ ಮತ್ತು ಬ್ಯಾಟರಿಯ ನೆಗೆಟಿವ್ ತುದಿಯ ನಡುವೆ ಮೀಟರ್ ಇಡಿಸಿ ಸ್ವಲ್ಪ ಹೊತ್ತು ಕಾಯಿರಿ. ಇಡೀ ಗಾಡಿಯದು ಸೇರಿ 50 ಮಿಲಿಆಂಪಿಯರ್ ಒಳಗಿದ್ದರೆ ನಿಶ್ಚಿಂತೆಯಿಂದ ಮನೆಗೆ ಹೋಗಿ. ಮೀಟರ್ ಇಲ್ಲದ ಅಂಗಡಿಯಲ್ಲಿ ಕಾರು ಬಿಡಬೇಡಿ.

ಇನ್ನೊಂದು ಮಾತು. ಕೆಲವು ಹುಡುಗರು ಸ್ಪೀಕರಿನ ನೆಗೆಟಿವ್ ಅನ್ನು ಕಾರಿನ ಲೋಹದ ಮೈಗೆ ಕೊಟ್ಟು ಒಂದು ವೈರ್ ಉಳಿಸುತ್ತಾರೆ. ಹಳೆಯ ಕಾಲದ ಟೇಪ್ ರಿಕಾರ್ಡರುಗಳಲ್ಲಿ ಅದು ನಡೆಯುತ್ತಿತ್ತು. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ವೈರುಗಳಲ್ಲಿ ಸುಮಾರು 6 ವೋಲ್ಟ್ ಇರುತ್ತದೆ. ಒಂದನ್ನು ಕಾರಿನ ಮೈಗೆ ತಾಗಿಸಿದರೆ ಒಳಗಿನ ಆಂಪ್ಲಿಫೈಯರ್ ಚಿಪ್ ಸುಟ್ಟುಹೋಗಬಹುದು. ಬಿಳಿ, ಬೂದು, ಹಸಿರು, ನೇರಳೆ ನಾಲ್ಕೂ ಸ್ಪೀಕರ್ ವೈರುಗಳೇ. ಕಪ್ಪು ಗೆರೆ ಇರುವ ಜೋಡಿ ಅವುಗಳ ನೆಗೆಟಿವ್. ಇಡೀ ಕಪ್ಪು ವೈರ್ ಒಂದೇ ಕಾರಿನ ಮೈಗೆ ಹೋಗಬೇಕಾದದ್ದು.

ವಿಜಯಪುರ, ಸೋಲಾಪುರ ರಸ್ತೆ, ನಿವೃತ್ತ ಶಿಕ್ಷಕಿ
ತಂಗಿ, ನಾನು ದೊಡ್ಡ ಪರದೆ ಹಾಕಿಸಿ ಎರಡು ಬೇಸಿಗೆ ನೋಡಿದ್ದೇನೆ. ನಮ್ಮ ಊರಿನ ಏಪ್ರಿಲ್, ಮೇ ನಿನಗೆ ಗೊತ್ತೇ ಇದೆ. ಬಿಸಿಲಿಗೆ ನಿಂತ ಕಾರಿಗೆ ಕೂತ ತಕ್ಷಣ ಪರದೆ ಮುಟ್ಟಿದರೆ ಮಾತು ಕೇಳುವುದಿಲ್ಲ, ಎಸಿ ತಾಗಿದ ಮೇಲೆ ಸರಿಹೋಗುತ್ತದೆ. ಮಧ್ಯಾಹ್ನ ಗಾಜಿನ ಹೊಳಪಿಗೆ ನಕ್ಷೆ ಕಾಣುವುದೂ ಕಷ್ಟ. ನನ್ನನ್ನು ಕೇಳಿದರೆ, ತಿರುಗಿಸುವ ಗುಂಡಿ ಇರುವ ಸೆಟ್ ತೆಗೆದುಕೋ. ರಸ್ತೆಯಿಂದ ಕಣ್ಣು ತೆಗೆಯದೆ ಸದ್ದು ಇಳಿಸಬಹುದು.

ರೇಡಿಯೊ ಕೇಳುವವಳಾದರೆ ಅಂಗಡಿಯಲ್ಲೇ ಪ್ರದೇಶದ ಸೆಟ್ಟಿಂಗ್ ಬದಲಿಸಿಕೋ. ನನ್ನ ಸೆಟ್ ಅಮೆರಿಕದ ಲೆಕ್ಕಕ್ಕೆ ಇಟ್ಟದ್ದು ಬಂದಿತ್ತು. ಅಲ್ಲಿ ಮೀಡಿಯಂ ವೇವ್ ಹತ್ತು ಹತ್ತು ಕಿಲೋಹರ್ಟ್ಸ್ ಹೆಜ್ಜೆ ಹಾಕುತ್ತದೆ, ನಮ್ಮಲ್ಲಿ ಒಂಬತ್ತು. ಹಾಗಾಗಿ 765ರ ಧಾರವಾಡ ಆಕಾಶವಾಣಿ ಎಷ್ಟು ತಿರುಗಿಸಿದರೂ 760ಕ್ಕೋ 770ಕ್ಕೋ ನಿಲ್ಲುತ್ತಿತ್ತು. ಎಫ್‌ಎಂನಲ್ಲೂ ಅಷ್ಟೇ, ಬಿಂದುವಿನ ನಂತರ ಸಮಸಂಖ್ಯೆ ಇರುವ ಸ್ಟೇಷನ್‌ಗಳನ್ನು ಹಾರಿಸಿಕೊಂಡು ಹೋಗುತ್ತದೆ. ಅಂಗಡಿಯವರು "ಆಂಟೆನಾ ಬದಲಿಸಬೇಕು ಮೇಡಂ" ಎಂದು ಬಿಲ್ ಬರೆಯುವುದಕ್ಕೆ ತಯಾರಾಗಿದ್ದರು!

ಜಮಖಂಡಿ, ಕಬ್ಬಿನ ಟ್ರ್ಯಾಕ್ಟರ್ ಮಾಲೀಕ
ಪೆಟ್ಟಿಗೆಯ ಮೇಲೆ 50 ವ್ಯಾಟ್, ನಾಲ್ಕು ಚಾನೆಲ್ (ಸ್ಪೀಕರಿಗೆ ಒಂದರಂತೆ), ಒಟ್ಟು 200 ವ್ಯಾಟ್ ಎಂದು ಬರೆದಿರುತ್ತದೆ. ಅಕ್ಕಾ, ಸೆಟ್ಟಿನ ಹಿಂದಿನ ಫ್ಯೂಸ್ ನೋಡಿ, 10 ಅಥವಾ 15 ಆಂಪಿಯರ್. 200 ವ್ಯಾಟ್ ಬಿಡದೆ ಹೊರಡಬೇಕಾದರೆ ನಷ್ಟ ಬಿಟ್ಟೇ 16 ಆಂಪಿಯರ್ ಮೇಲೆ ಬೇಕು. ಬಿಡದೆ ಕೊಡುವುದು ಚಾನೆಲ್ಲಿಗೆ ಇಪ್ಪತ್ತು ವ್ಯಾಟ್ ಆಸುಪಾಸು ಎಂದು ಹಿಡಿಯಿರಿ; ಕಾರಿಗೆ ಅದು ಧಾರಾಳವಾಯಿತು. ನಮ್ಮ ಹುಡುಗರು ಇಷ್ಟಕ್ಕೆ ತೃಪ್ತರಾಗದೆ ಟ್ರ್ಯಾಕ್ಟರಿಗೆ ಬೇರೆ ಆಂಪ್ಲಿಫೈಯರ್, ಮದುವೆ ಮಂಟಪದಂಥ ಡಬ್ಬಿಗಳನ್ನು ಏರಿಸುತ್ತಾರೆ. ಸೀಜನ್‌ನಲ್ಲಿ ಕಾರ್ಖಾನೆಯ ಸಾಲಿನಲ್ಲಿ ನಿಂತಾಗ ಯಾರ ಹಾಡು ಯಾರದೆಂದು ತಿಳಿಯುವುದಿಲ್ಲ, ಹಿಂದಿನ ಬಸ್ಸಿನ ಹಾರ್ನ್ ಅಂತೂ ಕೇಳುವುದೇ ಇಲ್ಲ. ನನ್ನ ಟ್ರ್ಯಾಕ್ಟರಿನಿಂದ ಬಿಚ್ಚಿಸಿದ್ದೇನೆ. ಬಾಯಿಮಾತಿಗೆ ಒಪ್ಪಲಿಲ್ಲ, ಡೀಸೆಲ್ ಕೊಡುವುದಿಲ್ಲ ಎಂದ ಮೇಲೆ ಒಪ್ಪಿದರು.

ಲಾರಿಗೆ ಹಾಕಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ: ಲಾರಿಯದು 24 ವೋಲ್ಟ್, ಕಾರಿನ ಸೆಟ್ ನೇರ ಕೊಡಬೇಡಿ. ನಡುವೆ ಕನ್ವರ್ಟರ್ ಬೇಕು.

ಬೆಳಗಾವಿ, ಖಾನಾಪುರ ರಸ್ತೆ
ನಮ್ಮ ಊರಿಗೆ ಮಳೆಯ ಮಾತು. ಕಾರಿನ ಬಾಗಿಲೊಳಗೆ ನೀರು ಇಳಿಯುವುದು ಸಹಜ. ಗಾಜಿನ ಅಂಚಿನಿಂದ ಇಳಿದು ಕೆಳಗಿನ ರಂಧ್ರಗಳಿಂದ ಹೊರಹೋಗುತ್ತದೆ. ಆ ನೀರು ಒಳಗಿನ ಹಲಗೆಗೆ ತಾಗದಂತೆ ಕಂಪನಿಯವರು ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಸ್ಪೀಕರ್ ಕೂರಿಸುವಾಗ ಅದನ್ನು ಹರಿದು ಮೂಲೆಗೆ ತುರುಕುತ್ತಾರೆ. ಜುಲೈನಲ್ಲಿ ಕಾಲಬುಡದ ಮ್ಯಾಟ್ ಒದ್ದೆಯಾದಾಗ ಕಾರಣ ಹುಡುಕುತ್ತಾ ಕೂರಬೇಕು. ಹಲಗೆ ಬಿಚ್ಚುವಾಗ ಪಕ್ಕದಲ್ಲೇ ನಿಲ್ಲಿ, ಹಾಳೆಯನ್ನು ಅಂಚು ಹಿಡಿದು ನಿಧಾನವಾಗಿ ಬಿಡಿಸಿ, ಮತ್ತೆ ಸುತ್ತಲೂ ಒತ್ತಿ ಅಂಟಿಸಲು ಹೇಳಿ. ಮುರಿದ ಕ್ಲಿಪ್ಪುಗಳಿಗೆ ಆಗಲೇ ಹೊಸದು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಸ್ಪೀಕರಿಗಿಂತ ಹಲಗೆಯೇ ಜೋರಾಗಿ ಹಾಡುತ್ತದೆ.

ಬಾಗಲಕೋಟೆ, ವಿದ್ಯಾಗಿರಿ
ಬಿಲ್ ತಪ್ಪದೆ ಪಡೆದು ವಿಮೆಯವರಿಗೆ ತಿಳಿಸಿ. ಕಂಪನಿಯಿಂದ ಬಾರದ ಸೆಟ್ಟನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಬೇಕು. ಬರೆಸದೆ ಇದ್ದರೆ ಕಳುವಾದಾಗ ಅದರ ಹಣ ಸಿಗುವುದಿಲ್ಲ.

ಟಿಳಕವಾಡಿಯಿಂದ ಮತ್ತೆ
ಎಲ್ಲರಿಗೂ ಧನ್ಯವಾದ. ಗುಂಡಿ ಇರುವ ಸಾದಾ ಸೆಟ್, ಮುಂದಿನ ಬಾಗಿಲುಗಳಿಗೆ ಎರಡು ಸ್ಪೀಕರ್, ಅಷ್ಟೇ ಎಂದು ನಿರ್ಧರಿಸಿದ್ದೇನೆ. ನವನಗರದ ಅಣ್ಣಾವರಿಗೆ ಒಂದು ಪ್ರಶ್ನೆ: ಮುಚ್ಚಳದ ಹಿಂದೆ ಕಪ್ಲರ್ ಇಲ್ಲದೇ ಹೋದರೆ?

ನವನಗರ
ಆಗ ಫ್ಯೂಸ್ ಪೆಟ್ಟಿಗೆಯಿಂದ ಹಳದಿ, ಕೆಂಪಿಗೆ ಬೇರೆ ಬೇರೆ ವೈರ್ ಎಳೆಸಿ, ಎರಡಕ್ಕೂ ತಮ್ಮದೇ ಫ್ಯೂಸ್ ಇರಲಿ. ಬಾಗಿಲಿನ ವೈರುಗಳು ಬಾಗಿಲಿಗೂ ಅದು ಕೂರುವ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯೊಳಗಿಂದಲೇ ಹೋಗಬೇಕು. ಬಾಗಿಲ ಸಂದಿಯಿಂದ ಹೊರಗೆ ಹಾಯಿಸಿದರೆ ಒಪ್ಪಬೇಡಿ.