ಮೆಂತ್ಯದ ಎಳೆ ಸಸಿಯ ಬುಡದಲ್ಲಿ ಬಿಳಿ ಎಳೆ, ಹಸಿಯಾಗಿ ತಿನ್ನಬಹುದಾ?

ನಮಸ್ಕಾರ. ಅಪ್ಪನಿಗೆ 70 ದಾಟಿದೆ, ಹಸಿ ಸೊಪ್ಪು ಜಾಸ್ತಿ ಕೊಡೋಣ ಅಂತ ಮನೆಯಲ್ಲೇ ಮೈಕ್ರೋಗ್ರೀನ್ಸ್ (ಎಳೆಯದಾಗಿದ್ದಾಗಲೇ ಕತ್ತರಿಸಿ ತಿನ್ನುವ ಸಸಿ) ಬೆಳೆಸುತ್ತಿದ್ದೇನೆ. ಮೆಂತ್ಯ ರಾತ್ರಿಯಿಡೀ ನೆನೆಸಿ, ತೆಂಗಿನ ನಾರಿನ ಪುಡಿಯ ಮೇಲೆ ಬಿತ್ತಿ, ಮೂರು ದಿನ ಮುಚ್ಚಿಟ್ಟೆ. ತೆಗೆದು ನೋಡಿದರೆ ಬುಡದಲ್ಲೆಲ್ಲ ಬಿಳಿ ಎಳೆ! ಎರಡು ಸಲ ಇಡೀ ಟ್ರೇ ಎಸೆದೆ, ಹೊಟ್ಟೆ ಉರಿಯಿತು.

ಈ ಸಲ ನೀರು ಕಡಿಮೆ ಮಾಡಿದೆ, ಫ್ಯಾನ್ ಗಾಳಿಗೂ ಇಟ್ಟೆ, ಆದರೂ ಬಿಳಿ ಎಳೆ ಬಂತು. ಅದು ಬೇರಿನ ರೋಮವಾದರೆ (ಬೇರಿನ ಮೇಲೆ ಬರುವ ಕೂದಲಿನಂಥ ಸಣ್ಣ ಎಳೆ) ನೀರು ಚಿಮುಕಿಸಿದಾಗ ಅಂಟಿಕೊಂಡು ಕಾಣದಂತಾಗುತ್ತೆ, ಬೂಸ್ಟು ಹಾಗೇ ಉಳಿಯುತ್ತೆ ಅಲ್ವಾ? ಚಿಮುಕಿಸಿ ನೋಡಿದೆ, ಬೇರಿನ ಸುತ್ತ ಇದ್ದದ್ದು ಮಾಯವಾಯಿತು. ಆದರೆ ಒಂದು ಮೂಲೆಯಲ್ಲಿ, ಮೊಳೆಯದ ಕಾಳುಗಳ ಮೇಲೆ ಜೇಡರ ಬಲೆಯಂಥದ್ದು ಹಾಗೇ ಇದೆ. ಮುಗ್ಗಲು ವಾಸನೆ ಇಲ್ಲ.

ಕೋಸಂಬರಿಗೆ ಹಸಿಯಾಗೇ ಹಾಕುವುದು, ಅದಕ್ಕೇ ಭಯ. ಆ ಮೂಲೆ ಮಾತ್ರ ತೆಗೆದು ಉಳಿದದ್ದನ್ನು ಅಪ್ಪನಿಗೆ ಕೊಡಬಹುದಾ, ಇಡೀ ಟ್ರೇ ಎಸೆಯಲೇಬೇಕಾ? ಬೆಳೆಸಿ ಅನುಭವ ಇರುವವರು ದಯವಿಟ್ಟು ಹೇಳಿ.