ಏಳು ವರ್ಷ 'ಟ್ರಾನ್ಸ್‌ಪೋರ್ಟೇಶನ್': ಗಡೀಪಾರೋ, ಕರಿನೀರೋ?

ಗೆಳೆಯರೇ, ಒಂದು ಪದ ಒಂದು ವಾರದಿಂದ ಕಾಡುತ್ತಿದೆ. ಮೇರಿ ರೀಬಿ ಎಂಬ ಹೆಂಗಸಿನ ಬದುಕನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಸ್ಟ್ರೇಲಿಯಾದ 20 ಡಾಲರ್ ನೋಟು ನೋಡಿದವರಿಗೆ ಆಕೆಯ ಮುಖ ಗೊತ್ತಿರುತ್ತದೆ. ಕನ್ನಡಕ ಹಾಕಿಕೊಂಡ ಅಜ್ಜಿ.

ಈ ಅಜ್ಜಿ 1790ರಲ್ಲಿ ಹದಿಮೂರು ವರ್ಷದ ಹುಡುಗಿ. ಇಂಗ್ಲೆಂಡಿನ ಸ್ಟಾಫರ್ಡ್‌ನಲ್ಲಿ ಕುದುರೆ ಕದ್ದ ಕೇಸಿನಲ್ಲಿ ಸಿಕ್ಕಿಬಿದ್ದಳು. ಆಗ ಹುಡುಗನ ವೇಷ ಹಾಕಿಕೊಂಡು ಜೇಮ್ಸ್ ಬರೋ ಅಂತ ಹೆಸರು ಹೇಳಿಕೊಂಡಿದ್ದಳು. ಕುದುರೆ ಕಳ್ಳರನ್ನು ನೇಣಿಗೆ ಹಾಕಬಹುದಾಗಿದ್ದ ಕಾಲ ಅದು. ಇವಳಿಗೆ ಆಗಿದ್ದು ಏಳು ವರ್ಷ 'ಟ್ರಾನ್ಸ್‌ಪೋರ್ಟೇಶನ್', ಅಂದರೆ ಹಡಗು ಹತ್ತಿಸಿ ಕಡಲಾಚೆಗೆ ಅಟ್ಟುವ ಶಿಕ್ಷೆ. 1792ರ ಅಕ್ಟೋಬರಿನಲ್ಲಿ ರಾಯಲ್ ಅಡ್ಮಿರಲ್ ಹಡಗಿನಲ್ಲಿ ಸಿಡ್ನಿಗೆ ಬಂದಿಳಿದಳು.

ಈಗ ಈ ಟ್ರಾನ್ಸ್‌ಪೋರ್ಟೇಶನ್‌ಗೆ ಕನ್ನಡದಲ್ಲಿ ಏನನ್ನೋಣ?

'ಸಾಗಾಟ' ಅಂದರೆ ಮೂಟೆ, ಲಾರಿ ನೆನಪಾಗುತ್ತದೆ. ಮೊದಲು ನಾನು 'ಗಡೀಪಾರು' ಅಂತ ಬರೆದೆ. ಪದ ಚೆನ್ನಾಗಿದೆ. 'ಪಾರು' ಅಂದರೆ ಆಚೆ ದಾಟುವುದು, ಅಪಾಯದಿಂದ ತಪ್ಪಿಸಿಕೊಳ್ಳುವುದು ಎರಡೂ ಹೌದಲ್ವಾ? ನೇಣು ತಪ್ಪಿ ಹಡಗು ಹತ್ತಿದವಳಿಗೆ ಎರಡೂ ಒಪ್ಪುತ್ತದೆ! ಆದರೆ ಈಗ ಪೇಪರಿನಲ್ಲಿ ಗಡೀಪಾರು ಅಂದರೆ ರೌಡಿಯನ್ನು ಆರು ತಿಂಗಳು ಜಿಲ್ಲೆಯಿಂದ ಹೊರಗಿಡುವುದು. ಅವನು ಪಕ್ಕದ ಜಿಲ್ಲೆಯಲ್ಲಿ ಆರಾಮಾಗಿ ಇರಬಹುದು. ಅಲ್ಲಿ ದುಡಿ ಅಂತ ಯಾರೂ ಹೇಳುವುದಿಲ್ಲ. ಟ್ರಾನ್ಸ್‌ಪೋರ್ಟೇಶನ್ ಹಾಗಲ್ಲ. ದೇಶದಿಂದ ಅಟ್ಟುವುದರ ಜೊತೆಗೆ ಇಂತಿಷ್ಟು ವರ್ಷ ದುಡಿಸುವುದೂ ಅದರಲ್ಲೇ ಇತ್ತು. ಹೆಚ್ಚಿನವರನ್ನು ಜೈಲಿನಲ್ಲಿ ಕೂಡಿಡಲಿಲ್ಲ, ಸರ್ಕಾರಿ ಕೆಲಸಕ್ಕೋ ಯಾರದೋ ಹೊಲಮನೆಗೋ ಹಚ್ಚಿದರು. ಮೇರಿಯನ್ನು ಮೇಜರ್ ಫ್ರಾನ್ಸಿಸ್ ಗ್ರೋಸ್ ಎಂಬ ಅಧಿಕಾರಿಯ ಮನೆಯಲ್ಲಿ ಮಗು ನೋಡಿಕೊಳ್ಳಲು ಬಿಟ್ಟರು. ಅವಧಿಗೆ ಮುಂಚೆ ಬ್ರಿಟನ್ನಿಗೆ ವಾಪಸ್ ಬಂದು ಸಿಕ್ಕಿಬಿದ್ದರೆ ಮರಣದಂಡನೆಯೂ ಆಗಬಹುದಿತ್ತು.

ಇನ್ನು 'ಕರಿನೀರಿನ ಶಿಕ್ಷೆ'. ನಮ್ಮ ಕಿವಿಗೆ ಹತ್ತಿರದ್ದು ಇದೇ. ಕಾನೂನಿನ ಪ್ರಕಾರವೂ ಇದು ಅದೇ ಶಿಕ್ಷೆ. 1860ರ ನಮ್ಮ ದಂಡ ಸಂಹಿತೆಯಲ್ಲಿ ಟ್ರಾನ್ಸ್‌ಪೋರ್ಟೇಶನ್ ಎಂಬ ಮಾತೇ ಇತ್ತು, 1955ರ ತಿದ್ದುಪಡಿಯಲ್ಲಿ ಅದು ಹೋಗಿ ಜೀವಾವಧಿ ಸೆರೆ ಬಂತು. ಆದರೂ ಕರಿನೀರು ಅಂದ ತಕ್ಷಣ ಅಂಡಮಾನ್, ಜಾತಿ ಕೆಡುವ ಭಯ, ಸ್ವಾತಂತ್ರ್ಯ ಹೋರಾಟಗಾರರು ಎಲ್ಲಾ ಕಣ್ಣಮುಂದೆ ಬರುತ್ತಾರೆ. ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಹುಟ್ಟಿದ ಮೇರಿಯ ತಲೆ ಮೇಲೆ ಇಷ್ಟೆಲ್ಲಾ ಹೊರಿಸುವುದು ಜಾಸ್ತಿ ಆಯ್ತು ಅನಿಸುತ್ತದೆ. ಸದ್ಯಕ್ಕೆ 'ಕಡಲಾಚೆ ಗಡೀಪಾರು' ಅಂತ ಇಟ್ಟಿದ್ದೇನೆ. ಸ್ವಲ್ಪ ಉದ್ದ. 'ಕಡಲ್ಪಾರು' ಅಂತಲೂ ಸುಮ್ನೆ ಬರೆದು ನೋಡಿದೆ, ಮನೆಯವರು ನಕ್ಕರು.

ಎರಡನೇ ತೊಡಕು ಇದಕ್ಕಿಂತ ಮಜವಾಗಿದೆ. ಆಗಿನ ಸಿಡ್ನಿಯಲ್ಲಿ ಒಬ್ಬೊಬ್ಬರೂ ಹೇಗೆ ಬಂದವರು ಎಂಬುದಕ್ಕೆ ಸರ್ಕಾರಿ ದಾಖಲೆಯಲ್ಲಿ ಲೇಬಲ್ ಇತ್ತು. 'ಫ್ರೀ ಬೈ ಸರ್ವಿಟ್ಯೂಡ್' ಅಂದರೆ ಶಿಕ್ಷೆ ತೀರಿಸಿ ಬಿಡುಗಡೆಯಾದವರು. 'ಕೇಮ್ ಫ್ರೀ' ಅಂದರೆ ಕೈದಿಯಾಗದೆ ತಾವಾಗಿ ಬಂದವರು. ಮೇರಿ 1794ರಲ್ಲಿ ಥಾಮಸ್ ರೀಬಿಯನ್ನು ಮದುವೆಯಾದಳು, ಏಳು ಮಕ್ಕಳಾದರು. 1811ರಲ್ಲಿ ಗಂಡ ಸತ್ತ ಮೇಲೆ ಹಡಗು, ಗೋದಾಮುಗಳ ವ್ಯಾಪಾರವನ್ನು ತಾನೇ ನಡೆಸಿ ದೊಡ್ಡ ಸಾಹುಕಾರಳಾದಳು. 1820ರಲ್ಲಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ, ಮರುವರ್ಷ ಸಿಡ್ನಿಗೆ ವಾಪಸ್ ಬಂದಳು. 1828ರ ಜನಗಣತಿಯಲ್ಲಿ ಆಕೆ ಬರೆಸಿದ್ದು: 'ಕೇಮ್ ಫ್ರೀ', 1821!

ಸುಳ್ಳೇನಲ್ಲ, ನೋಡಿ. ಎರಡನೇ ಸಲ ತಾನಾಗಿಯೇ ಬಂದದ್ದು ನಿಜ. ಮೊದಲನೇ ಸಲದ ಸುದ್ದಿ ಎತ್ತಲಿಲ್ಲ ಅಷ್ಟೇ.

ಈ ಜಾಣತನ ಕನ್ನಡದಲ್ಲಿ ಉಳಿಯಬೇಕು. 'ಸ್ವತಂತ್ರಳಾಗಿ ಬಂದವಳು' ಅಂದರೆ ಭಾಷಣದ ಹಾಗೆ ಕೇಳುತ್ತದೆ. 'ಬಿಡುಗಡೆಯಾಗಿ ಬಂದವಳು' ಅಂದರೆ ಮುಚ್ಚಿಟ್ಟ ಗುಟ್ಟೇ ರಟ್ಟಾಗುತ್ತದೆ. 'ಫ್ರೀಯಾಗಿ ಬಂದವಳು' ಅಂತ ಹಾಗೇ ಬಿಟ್ಟರೆ ನಮ್ಮ ಮಕ್ಕಳು ಟಿಕೆಟ್ಟಿಗೆ ಕಾಸು ಕೊಡಲಿಲ್ಲ ಅಂದುಕೊಳ್ಳುತ್ತಾರೆ. ಹಾಗೆ ಬಿಟ್ಟಿಯಾಗಿ ಬಂದದ್ದು 1792ರಲ್ಲಿ, ಸರ್ಕಾರದ ಖರ್ಚಿನಲ್ಲಿ! 'ತಾನಾಗಿ ಬಂದವಳು' ಸಾಕಾಗುತ್ತದಾ? ದಕ್ಷಿಣ ಕನ್ನಡ, ಕಾರವಾರದ ಕಡೆ ಹಡಗಿನವರ ಮಾತಿನಲ್ಲಿ ಇದಕ್ಕೆ ಹತ್ತಿರದ ಪದ ಇದ್ದರೆ ದಯವಿಟ್ಟು ತಿಳಿಸಿ.